ಮೆಣಸು ತುಂಬಿದ ಡಬ್ಬಿ

ತಾತ ಕತ್ತರಿಯಿಂದ ಬಿಳಿ ಟೇಪನ್ನು ತುಂಡು ಮಾಡಿ ಮೇಜಿನ ಅಂಚಿಗೆ ಸಾಲಾಗಿ ಅಂಟಿಸುತ್ತಿದ್ದರು. ಮೊಮ್ಮಗಳು ಮೆಣಸು ಒಂದೊಂದೇ ತುಂಡನ್ನು ಕಿತ್ತು ತಿಂಡಿಯ ಪೊಟ್ಟಣಕ್ಕೆ ಹಚ್ಚಿ, ಅದು ಎಂದಿನವರೆಗೆ ಕೆಡುವುದಿಲ್ಲವೋ ಆ ತಾರೀಖನ್ನು ಮಾರ್ಕರಿನಿಂದ ದಪ್ಪಗೆ ಬರೆಯುತ್ತಿದ್ದಳು. ಹದಿನಾರು ಪೊಟ್ಟಣ ಮುಗಿಯುವವರೆಗೆ ಕತ್ತರಿಯದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮೆಣಸಿಗೆ ಹತ್ತು ವರ್ಷ. ಆಳು ಚಿಕ್ಕದು, ಹಟ ದೊಡ್ಡದು. ಅದಕ್ಕೇ ಮನೆಯಲ್ಲಿ ಆ ಹೆಸರು.

ಅಮ್ಮ ಹೊಳೆಯಾಚೆಯ ಆಸ್ಪತ್ರೆಯಲ್ಲಿ ನರ್ಸ್. ಮಳೆಗಾಲದಲ್ಲಿ ಸೇತುವೆ ಮುಳುಗಿತೆಂದರೆ ಅಮ್ಮ ಆಚೆ, ಇವರು ಈಚೆ. ಹೋದ ವರ್ಷ ಹಾಗೇ ಆಯಿತು. ಕರೆಂಟ್ ಹೋಯಿತು, ಗ್ಯಾಸೂ ಮುಗಿಯಿತು. ತಾತ, ಅಣ್ಣ, ಮೆಣಸು ಎರಡು ದಿನ ಸಕ್ಕರೆ ನೀರು ಕುಡಿದುಕೊಂಡು ಕೂತಿದ್ದರು.

"ಈ ಸಲ ಮಳೆ ಶುರುವಾಗೋ ಮುಂಚೆ ತಾತನ್ನ ನಿಮ್ಮ ಮಾವನ ಮನೆಗೆ ಬಿಟ್ಟುಬರ್ತೀನಿ. ಈ ವಯಸ್ಸಲ್ಲಿ ಉಪವಾಸ ಬೇಡ" ಎಂದಿದ್ದಳು ಅಮ್ಮ.

ಮಾವನ ಮನೆ ಮೂರನೇ ಮಹಡಿಯಲ್ಲಿತ್ತು. ಹಗಲೆಲ್ಲ ಅಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ತಾತ ಕಿಟಕಿಯ ಪಕ್ಕ ಕೂತರೆ ಕೂತೇ ಇರುತ್ತಿದ್ದರು.

"ಮೂರು ದಿನಕ್ಕಾಗೋಷ್ಟು ನಾನೇ ಡಬ್ಬಿಗೆ ತುಂಬಿಟ್ರೆ? ಒಲೆ ಬೇಡ, ಫ್ರಿಡ್ಜ್ ಬೇಡ" ಎಂದು ಮೆಣಸು ಪಟ್ಟು ಹಿಡಿದಳು.

"ಭಾನುವಾರ ಇಡೀ ದಿನ ಮೂವರೂ ಅದನ್ನೇ ತಿಂದು ತೋರಿಸಿ. ಆಮೇಲೆ ನೋಡೋಣ."

ಅಂಗಡಿಯಲ್ಲಿ ಅವಳು ನೋಡಿದ್ದು ತಾರೀಖು ಮಾತ್ರ. ಬ್ರೆಡ್ಡು ನಾಲ್ಕೇ ದಿನ, ಬೇಡ. ಗಟ್ಟಿ ಬಿಸ್ಕತ್ತು ಒಂದು ವರ್ಷ, ಬೇಕು. ಬಾದಾಮಿ ಒಂಬತ್ತು ತಿಂಗಳು. ಹುರಿದ ಕಡಲೆ ಆರು ತಿಂಗಳು, ಪರವಾಗಿಲ್ಲ.

"ಏನಮ್ಮಾ, ತಿನ್ನೋಕೆ ತಗೊಳ್ತಿದ್ದೀಯೋ, ಮೊಮ್ಮಕ್ಕಳಿಗೆ ಆಸ್ತಿ ಮಾಡ್ತಿದ್ದೀಯೋ?" ಅಂಗಡಿಯವನು ಕೇಳಿದ.

"ಇದಕ್ಕಿಂತ ಜಾಸ್ತಿ ದಿನ ಇರೋದು ಏನಾದ್ರೂ ಇದೆಯಾ?"

"ಇದೆಯಲ್ಲ, ಕಲ್ಲುಪ್ಪು."

ಮೆಣಸು ನಗಲಿಲ್ಲ. ಅದನ್ನೂ ಒಂದು ಪೊಟ್ಟಣ ತೆಗೆದುಕೊಂಡಳು.

ಭಾನುವಾರ ಬೆಳಗ್ಗೆ ಅಮ್ಮ ಒಲೆಯ ಮೇಲೆ ಬಟ್ಟೆ ಮುಚ್ಚಿದಳು. ಒಲೆ ಇಲ್ಲವೆಂದ ಮೇಲೆ ಚಹಾವೂ ಇಲ್ಲ. ಮೆಣಸು ಡಬ್ಬಿಯಲ್ಲಿದ್ದುದನ್ನು ಮೂರು ಬಟ್ಟಲಿಗೆ ಹಂಚಿದಳು.

ಅಣ್ಣ ಬಿಸ್ಕತ್ತನ್ನು ಮೇಜಿಗೆ ಕುಟ್ಟಿ ನೋಡಿದ. "ಇದರಲ್ಲಿ ಗೋಡೆಗೆ ಮೊಳೆ ಹೊಡೀಬಹುದು ಕಣೇ. ಇದಕ್ಕಿಂತ ಮುಂಚೆ ನಾವೇ ಎಕ್ಸ್‌ಪೈರ್ ಆಗ್ತೀವಿ."

"ತಿನ್ನೋದಾದ್ರೆ ತಿನ್ನು. ಕಾಮೆಂಟರಿ ಬೇಡ."

"ಚೆನ್ನಾಗಿದೆ ಬಿಡೋ" ಎಂದರು ತಾತ.

ಮಧ್ಯಾಹ್ನವೂ ಅದೇ ಊಟ. ಎಲ್ಲರಿಗಿಂತ ಮುಂಚೆ ಖಾಲಿಯಾದದ್ದು ತಾತನ ಬಟ್ಟಲು. ಸಂಜೆಯೂ ಅಷ್ಟೇ. ಮೆಣಸಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಮ್ಮ ಬಟ್ಟಲನ್ನು ಬಗ್ಗಿಸಿ ನೋಡಿದಳು. "ಪರವಾಗಿಲ್ವೇ. ಸರಿ, ತಾತ ಬರಲ್ಲ ಅಂತ ಮಾವನಿಗೆ ಹೇಳಿಬಿಡ್ತೀನಿ" ಎಂದು ಫೋನ್ ಹುಡುಕಲು ಒಳಗೆ ಹೋದಳು. ಅಣ್ಣನೂ ಹಿಂದೆಯೇ ಹೋದ.

ತಾತ ಮೇಜು ಹಿಡಿದು ಎದ್ದು ನಿಂತರು. ಅಂಗಿಯ ಜೇಬಿನಿಂದ ಒಂದು ಬಾದಾಮಿ ಟಪ್ಪನೆ ಬಿತ್ತು. ಹಿಂದೆಯೇ ಇನ್ನೊಂದು.

ಮೆಣಸು ಆ ಜೇಬಿಗೆ ಕೈ ಹಾಕಿದಳು. ಬಾದಾಮಿ, ಕಡಲೆ, ಬಿಸ್ಕತ್ತು. ಒಂದು ಬಿಸ್ಕತ್ತಿನ ಅಂಚು ಮಾತ್ರ ಒದ್ದೆಯಾಗಿ ಸವೆದಿತ್ತು, ಬಹಳ ಹೊತ್ತು ಚೀಪಿ ಸೋತು ಬಿಟ್ಟ ಹಾಗೆ.

ತಾತ ತುಟಿಗೆ ಬೆರಳಿಟ್ಟು ನಕ್ಕರು. ಮೇಲೆ ಎರಡು, ಕೆಳಗೆ ಮೂರು ಹಲ್ಲು. ಹುಟ್ಟಿದಾಗಿನಿಂದ ಅವಳು ನೋಡುತ್ತಿದ್ದ ಹಲ್ಲುಗಳೇ. ತಾತ ಎಲ್ಲವನ್ನೂ ಬಿಸಿ ಚಹಾದಲ್ಲಿ ಅದ್ದಿ ಅದ್ದಿ ಯಾಕೆ ತಿನ್ನುತ್ತಾರೆ ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ.

"ಬೆಳಗ್ಗಿಂದ ಏನು ತಿಂದೆ ತಾತ?"

"ನೀರು ಕುಡಿದೆನಲ್ಲ. ಮೆಲ್ಲಗೆ ಮಾತಾಡು, ನಿನ್ನ ಡಬ್ಬಿ ಪಾಸಾಗಿದೆ."

ಸುಮ್ಮನಿದ್ದರೆ ಸಾಕಿತ್ತು. ತಾತ ಇಲ್ಲೇ ಇರುತ್ತಿದ್ದರು. ಮೂರು ದಿನವೆಂದರೆ ಒಂಬತ್ತು ಊಟ, ಮೆಣಸು ಮನಸ್ಸಿನಲ್ಲೇ ಎಣಿಸಿದಳು. ಒಂಬತ್ತು ಸಲವೂ ತಾತ ಚೆನ್ನಾಗಿದೆ ಎನ್ನುತ್ತಾರೆ.

ಅವಳು ಡಬ್ಬಿಯನ್ನು ಎತ್ತಿ ಮೇಜಿನ ಮೇಲೆ ಬೋರಲು ಮಾಡಿ ಸುರಿದಳು. ಸದ್ದಿಗೆ ಅಮ್ಮ ಕಿವಿಯಲ್ಲಿ ಫೋನಿಟ್ಟುಕೊಂಡೇ ಬಂದಳು. ಹಿಂದೆ ಅಣ್ಣ. ಮೆಣಸು ಆ ಒದ್ದೆ ಬಿಸ್ಕತ್ತನ್ನು ಅಮ್ಮನ ಅಂಗೈಯಲ್ಲಿಟ್ಟಳು.

"ತಾತ ಏನೂ ತಿಂದಿಲ್ಲಮ್ಮ. ಡಬ್ಬಿ ಫೇಲು." ಮೆಣಸು ಬೆರಳು ಮಡಚಿ ಎಣಿಸತೊಡಗಿದಳು. "ಹಾಲಿನ ಪುಡಿ ಬೇಕು. ಓಟ್ಸ್ ಬೇಕು. ತಣ್ಣೀರಲ್ಲಿ ನೆನೆಸಿದ್ರೂ ಮೆತ್ತಗಾಗುತ್ತೆ. ಖರ್ಜೂರನೂ ನೆನೆಸಿ ನೋಡ್ತೀನಿ. ಮೊದಲು ತಾತ ತಿಂದು ಹೇಳಲಿ, ತಾರೀಖು ಆಮೇಲೆ ನೋಡ್ತೀನಿ."

ಅಮ್ಮ ಬಿಸ್ಕತ್ತನ್ನು ನೋಡಿದಳು. ಆಮೇಲೆ ತಾತನನ್ನು ನೋಡಿದಳು. ತಾತ ಗೋಡೆಯನ್ನು ನೋಡುತ್ತಿದ್ದರು.

"ಇನ್ನೊಂದು ಭಾನುವಾರ ಕೊಡಮ್ಮ" ಎಂದಳು ಮೆಣಸು.

ಫೋನಿನಲ್ಲಿ ಮಾವ "ಹಲೋ, ಹಲೋ" ಎನ್ನುತ್ತಲೇ ಇದ್ದ.