ಬ್ರೆಡ್ಡಿನ ಕುದುರೆ

ಇದು ಮೊಂಟೆವಿಡಿಯೊದ ನಮ್ಮ ಮನೆಯಲ್ಲಿ ಹೋದ ಭಾನುವಾರ ಮಧ್ಯಾಹ್ನ ನಡೆದದ್ದು. ಎಷ್ಟೋ ವರ್ಷಗಳ ಹಿಂದೆ, ಸೇನೆಯ ಆಳ್ವಿಕೆಯಲ್ಲಿ ಜೈಲು ಸೇರಿದ್ದಾಗ ನನ್ನಪ್ಪ ಎಲ್ಬಿಯೊ, ಪಕ್ಕದ ಕೋಣೆಯ ಅಮಿಲ್ಕಾರ್ ಜೊತೆ ಗೋಡೆ ತಟ್ಟಿ ತಟ್ಟಿ ಚದುರಂಗ ಆಡುತ್ತಿದ್ದ. ಕಾಯಿಗಳು ಬ್ರೆಡ್ಡಿನವು. ಹಸಿವು ತಾಳದೆ ಅಮಿಲ್ಕಾರ್ ತನ್ನ ಎಡಗುದುರೆಯನ್ನು ತಿಂದುಬಿಟ್ಟ. ಆಮೇಲೆ ಅದಿಲ್ಲದೆಯೇ ಆಡಿದ. ಒಂದು ದಿನ ಅವನನ್ನು ಎಳೆದೊಯ್ದರು. ಎಲ್ಲಿಗೆಂದು ಇಂದಿಗೂ ಯಾವ ಸರ್ಕಾರವೂ ಬಾಯಿಬಿಟ್ಟಿಲ್ಲ. ಅಪ್ಪ ಕೇಳುವುದನ್ನೂ ಬಿಟ್ಟಿಲ್ಲ.

ಈ ಭಾನುವಾರ ಅಪ್ಪನ ಮೊಬೈಲಿಗೆ ನಾನೊಂದು ಚದುರಂಗ ಹಾಕಿಕೊಟ್ಟೆ. ಅದರಲ್ಲಿ ಪ್ರತಿ ಆಟಕ್ಕೂ ಕಾಯಿಗಳು ಮನಬಂದಂತೆ ಬದಲಾಗುತ್ತವೆ. ಒಮ್ಮೆ ನಾಲ್ಕು ಆನೆ, ಒಮ್ಮೆ ಮೂರು ಮಂತ್ರಿ. ಎದುರಾಳಿ ಫೋನೇ. ಆದರೆ ಅದರ ಎಡಗುದುರೆಯ ಮನೆ ಮಾತ್ರ ಪ್ರತಿಸಲವೂ ಖಾಲಿ.

“ನೋಡೇ ಮಗಳೇ, ಮತ್ತೆ ಖಾಲಿ.”

“ಲಾಟರಿ ಇದ್ದಂಗೆ ಅಪ್ಪಾ ಅದು. ಸೋಲೋಕೆ ನಿಂಗೊಂದು ನೆಪ ಬೇಕು ಅಷ್ಟೆ.”

ಅಪ್ಪ ನಗಲಿಲ್ಲ. ಯೆರ್ಬಾ ಸೊಪ್ಪಿನ ಚಹಾ ಕುಡಿಯುವ ಅವನ ಸೋರೆಬುರುಡೆಗೆ ಆಗಷ್ಟೇ ಬಿಸಿನೀರು ಹುಯ್ದಿದ್ದರೂ ಮುಟ್ಟಿದರೆ ಮಂಜಿನಂತೆ ಕೊರೆಯುತ್ತಿತ್ತು. ಗೋಡೆಯೊಳಗೆ ಯಾರೋ ಬೆರಳಗೆಣ್ಣಿನಿಂದ ತಟ್ಟಿದರು. ಅಪ್ಪ ಫೋನ್ ಆರಿಸಿದ. ತಟ್ಟುವುದು ನಿಲ್ಲಲಿಲ್ಲ. ಅವನು ಎದ್ದು ಹೋಗಿ ತಾನೂ ತಟ್ಟಿದ.

“ಏನ್ ಕೇಳ್ದೆ?”

“ಎಲ್ಲಿದೀಯೋ ಅಂದೆ.”

ಉತ್ತರ ನಿಧಾನವಾಗಿ ಬಂತು. ಅಪ್ಪನ ತುಟಿ ಎಣಿಸುತ್ತಿತ್ತು.

“ನನ್ನನ್ನ ಇನ್ನೂ ಹೊರಗೆ ಬಿಟ್ಟಿಲ್ಲ ಅಂತಾನೆ ಕಣೇ.”

ನಾವಿರುವುದು ನಾಲ್ಕನೇ ಮಹಡಿಯಲ್ಲಿ. ಆ ಗೋಡೆಯ ಆಚೆ ಬರೀ ಗಾಳಿ.