ಕೆಂಪು ಶಾಯಿಯ ಎರಡಕ್ಷರ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಒಬ್ಬ ಮುದುಕ ದರ್ಜಿಯ ಮಗಳು ಠಾಣೆಗೆ ಬಂದು ದೂರು ಕೊಟ್ಟಳು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ ಅವಳ ತಂದೆಗೆ ಆಸ್ಪತ್ರೆಯಲ್ಲಿ ಮಂಡಿನೋವಿನ ಮಾತ್ರೆಯನ್ನೂ ಜೊತೆಗೆ ಸೇರಿಸಿ ಮೂರು ದಿನ ಕೊಟ್ಟಿದ್ದರು. ನಾಲ್ಕನೆಯ ದಿನ ಹೊಟ್ಟೆಯೊಳಗೆ ರಕ್ತಸ್ರಾವವಾಗಿ ಅವರು ತೀರಿಕೊಂಡರು.

"ಯಾರ ಮೇಲೆ ಅನುಮಾನ?"

"ವಾರ್ಡಿನ ದೊಡ್ಡಕ್ಕನ ಮೇಲೆ. ಔಷಧಿ ಪುಸ್ತಕ ಅವರ ಹತ್ರಾನೇ ಇರೋದು. ಈಗ ನೋಡಿದ್ರೆ ಅಪ್ಪನ ಹಾಳೇನೇ ಇಲ್ಲ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. ವಾರ್ಡಿನ ಹಿರಿಯ ನರ್ಸಾದ ದೊಡ್ಡಕ್ಕ, ಅಲ್ಲೇ ನರ್ಸಾಗಿದ್ದ ಇನ್‌ಸ್ಪೆಕ್ಟರ ಅಮ್ಮನ ಕೈಕೆಳಗೆ ಕೆಲಸ ಕಲಿತವರು. ಶಾಲೆ ಬಿಟ್ಟ ಮೇಲೆ ಅದೇ ವಾರ್ಡಿನ ಬೆಂಚಿನಲ್ಲಿ ಕೂತು ಇನ್‌ಸ್ಪೆಕ್ಟರ್ ಚಿಕ್ಕಂದಿನಲ್ಲಿ ಮಗ್ಗಿ ಬರೆದದ್ದೆಷ್ಟೋ! ಆದರೂ ಎಫ್‌ಐಆರ್ ದಾಖಲಾಯಿತು.

ಹನ್ನೆರಡಕ್ಕೆ ವಾರ್ಡಿನಲ್ಲಿ ಪಂಚನಾಮೆ. ಡೆಟಾಲಿನ ಅದೇ ವಾಸನೆ, ಕಾಲು ಕುಂಟುವ ಅದೇ ಬೆಂಚು. ಔಷಧಿ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು ತೆಗೆದಿದ್ದರು. ಮಹಿಳಾ ಪೇದೆ ಮುಂದಿನ ಹಾಳೆಯ ಮೇಲೆ ಪೆನ್ಸಿಲು ಉಜ್ಜಿದಳು. ಒತ್ತಿ ಬರೆದಿದ್ದ ಗುರುತು ಮೂಡಿತು: ಎರಡು ಮಾತ್ರೆಗಳ ಹೆಸರು, ಎರಡನ್ನೂ ಸುತ್ತಿದ ಗೆರೆ, ಪಕ್ಕದಲ್ಲಿ "ಎ.ಸೀ."

"ಎ.ಸಿ.ನಾ ಸಾರ್? ಇಲ್ಲಿ ಫ್ಯಾನೇ ನೆಟ್ಟಗೆ ತಿರುಗಲ್ಲ."

ಇನ್‌ಸ್ಪೆಕ್ಟರ್ ನಗಲಿಲ್ಲ. ತಾವೂ ಅಣ್ಣನೂ ಕಿತ್ತಾಡಿದಾಗಲೆಲ್ಲ ಅಮ್ಮ ಅನ್ನುತ್ತಿದ್ದ ಮಾತು ಕಿವಿಯಲ್ಲಿ ಕೇಳಿಸಿತು: "ಇವೆರಡೂ ಎ.ಸೀ.! ಒಂದೇ ಕೋಣೇಲಿ ಬಿಡಬೇಡಿ." ಎ.ಸೀ. ಅಂದರೆ ಎಣ್ಣೆ, ಸೀಗೆಕಾಯಿ. ಒಟ್ಟಿಗೆ ಕೊಡಬಾರದ ಔಷಧಿಗಳಿಗೆ ವಾರ್ಡಿನಲ್ಲಿ ಅಮ್ಮ ಇಟ್ಟ ಗುಟ್ಟಿನ ಹೆಸರು ಅದು. ಅಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು.

ಎರಡು ಗಂಟೆಗೆ ಕಿರಿಯ ನರ್ಸಿನ ವಿಚಾರಣೆ. ಅವಳು ಕೆಲಸಕ್ಕೆ ಸೇರಿ ಆರು ವಾರ.

"ಮಾತ್ರೆ ಕೊಟ್ಟಿದ್ದು ಯಾರು?"

"ನಾನೇ ಸಾರ್. ದೊಡ್ಡಕ್ಕ ಪುಸ್ತಕ ಬರೆದಿಟ್ಟು ನಾಲ್ಕು ದಿನ ರಜೆ ಹೋಗಿದ್ರು."

"ಎ.ಸೀ. ಅಂದ್ರೆ?"

"ಊಟಕ್ಕೆ ಮುಂಚೆ ಅಂತ. ಡಾಕ್ಟರ ಚೀಟೀಲಿ ಎ.ಸಿ. ಅಂದ್ರೆ ಹಾಗೇ ಅಂತ ಕಾಲೇಜಲ್ಲಿ ಕಲಿಸಿದ್ದು. ಎರಡನ್ನೂ ಊಟಕ್ಕೆ ಮುಂಚೆ ಕೊಟ್ಟೆ. ಅನುಮಾನ ಬಂದಿತ್ತು ಸಾರ್. ಇಷ್ಟೂ ಗೊತ್ತಿಲ್ವಾ ಅಂತಾರೇನೋ ಅಂತ ಯಾರನ್ನೂ ಕೇಳಲಿಲ್ಲ."

"ಹಾಳೆ ಹರಿದಿದ್ದು?"

"ನಾನಲ್ಲ ಸಾರ್, ನಮ್ಮಮ್ಮನಾಣೆ."

ದೊಡ್ಡಕ್ಕ ಔಷಧಿ ಕೋಣೆಯಲ್ಲಿ ಹತ್ತಿ ಮಡಿಸುತ್ತಿದ್ದರು. ಇನ್‌ಸ್ಪೆಕ್ಟರನ್ನು ನೋಡಿ ಸ್ಟೂಲು ಮುಂದಕ್ಕೆ ತಳ್ಳಿದರು.

"ಕೂತ್ಕೋ ಮರಿ. ಬಂದೇ ಬರ್ತೀಯ ಅಂತ ಗೊತ್ತಿತ್ತು."

"ಹಾಳೆ ಎಲ್ಲಿ ದೊಡ್ಡಕ್ಕ?"

ಅವರು ಕೋಟಿನ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದುಕೊಟ್ಟರು. ಕೆಂಪು ಶಾಯಿ, ದುಂಡನೆಯ ಅಕ್ಷರ. ಅಮ್ಮನ ಕೈಬರಹವನ್ನೇ ತಿದ್ದಿ ತಿದ್ದಿ ಕಲಿತದ್ದು.

"ಸುಡೋಣ ಅಂತಿದ್ದೆ. ಮನಸ್ಸು ಬರಲಿಲ್ಲ."

"ಆ ಹುಡುಗೀನ ಉಳಿಸೋಕೆ ಹರಿದ್ರಾ?"

"ಹಾಗಂತ ಹೇಳಿದ್ರೆ ನನಗೆ ಒಳ್ಳೇ ಹೆಸರು ಬರುತ್ತೆ. ಆದ್ರೆ ಅದಲ್ಲ." ದೊಡ್ಡಕ್ಕ ತಲೆ ತಗ್ಗಿಸಿದರು. "ಎಚ್ಚರಿಕೆ ಇದ್ರೆ ಪೂರ್ತಿ ಬರೀರಿ ಅಂತ ಆಸ್ಪತ್ರೆಯವರು ಎಷ್ಟು ಸಲ ಹೇಳಿದ್ರು. ನಾನೇ ಬಿಡಲಿಲ್ಲ. ಅದೊಂದು ಬರೆದಾಗೆಲ್ಲ ನಿಮ್ಮಮ್ಮ ಪಕ್ಕದಲ್ಲಿ ನಿಂತ ಹಾಗಿರೋದು. ನೂರಾರು ಜನರನ್ನ ಕಾಪಾಡಿದ ಮಾತು ಮರಿ ಅದು. ಒಂದು ಜೀವ ತೆಗೀತು ಅಂತ ಊರೆಲ್ಲ ಆಡ್ಕೊಳ್ಳೋದು ಬೇಡ ಅನ್ನಿಸ್ತು."

ಇನ್‌ಸ್ಪೆಕ್ಟರಿಗೆ ದುಃಖ ಉಕ್ಕಿ ಬಂತು. ಮೂರು ಐವತ್ತಕ್ಕೆ, ಸಾಕ್ಷ್ಯ ಬಚ್ಚಿಟ್ಟ ಆರೋಪ ಮತ್ತು ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪದ ಮೇಲೆ ದೊಡ್ಡಕ್ಕನ ಬಂಧನವಾಯಿತು. ಪೇದೆ ಕೈ ಹಿಡಿದುಕೊಂಡಳು. ದೊಡ್ಡಕ್ಕ ಹೊರಡುವ ಮುಂಚೆ ಮಡಿಸಿದ ಹತ್ತಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು.

ಸಂಜೆ ಠಾಣೆಯಲ್ಲಿ ಹೇಳಿಕೆ ಬರೆಯುತ್ತಿದ್ದ ರೈಟರ್ ತಲೆಯೆತ್ತಿದ.

"ಎ.ಸೀ. ಅಂತಲೇ ಬರೀಲಾ ಸಾರ್?"

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ತಿರುಗಿ ಕನ್ನಡಕ ತೆಗೆದು ಒರೆಸಿಕೊಂಡರು.

"ಬೇಡ. ಪೂರ್ತಿ ಬರಿ. ಯಾರು ಇಟ್ಟ ಹೆಸರು ಅನ್ನೋದನ್ನೂ ಬರಿ."