ಮುಚ್ಚಳ ತೆಗೆಯಬಾರದ ಕಡುಬು

"ಒಳ್ಳೆ ಮಾತು ಬಂದ್ರೆ ಆಡು. ಬರ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಕೂತ್ಕೊ" ಎಂದಳು ಅಜ್ಜಿ, ಒಲೆಗೆ ಇನ್ನೊಂದು ಸೌದೆ ತುರುಕುತ್ತ.

ಯಾನ್‌ಶು ಬಾಯಿ ಮುಚ್ಚಿಕೊಂಡೇ ಕೂತಿದ್ದಳು. ಬೆಳಗ್ಗೆ ಎದ್ದಾಗಿನಿಂದ ಅವಳ ಬಾಯಿಗೆ ಒಂದೇ ಒಂದು ಒಳ್ಳೆಯ ಮಾತೂ ಬಂದಿರಲಿಲ್ಲ.

ನಾಳೆ ವರ್ಷದ ಕೊನೆಯ ದಿನ. ಅಂದರೆ ಇವತ್ತು ಕಡುಬಿನ ದಿನ. ಅಜ್ಜಿ ಅಕ್ಕಿ ನೆನೆಹಾಕಿ, ನುಣ್ಣಗೆ ರುಬ್ಬಿ, ಬೆಲ್ಲವನ್ನೂ, ಹುಳಿ ಬರಲೆಂದು ಅಕ್ಕಿ ಹೆಂಡದ ಗಸಿಯನ್ನೂ ಸೇರಿಸಿದ್ದಳು. ಹಿಟ್ಟಿನ ಪಾತ್ರೆಗೆ ತನ್ನ ಹಳೆಯ ಹತ್ತಿ ಕೋಟು ಹೊದಿಸಿ, ಎಳೆಗೂಸನ್ನು ಮಲಗಿಸಿದ ಹಾಗೆ ಒಲೆಯ ಹಿಂದೆ ಮಲಗಿಸಿದ್ದಳು. ಹಿಟ್ಟು ಚೆನ್ನಾಗಿ ಹುದುಗು ಬಂದಿತ್ತು. ಈಗ ಅದು ಬಿದಿರಿನ ಬುಟ್ಟಿ ಸೇರಿ, ಕುದಿಯುವ ನೀರಿನ ಮೇಲೆ ಕೂತಿತ್ತು.

ಆ ಊರಿನಲ್ಲಿ ಹೊಸವರ್ಷದ ಕಡುಬು ಬೆಂದರೆ ಸಾಲದು, ನಗಬೇಕು. ನೆತ್ತಿ ಬಿರಿದು ಬಾಯಿ ತೆರೆದರೆ ಕಡುಬು ನಕ್ಕಿತು ಅಂತ ಲೆಕ್ಕ. ಅದು ಎಷ್ಟು ದೊಡ್ಡದಾಗಿ ನಗುತ್ತದೋ ಆ ಮನೆಯವರ ಕೆಲಸ, ಅಂಗಡಿ, ವ್ಯಾಪಾರ ಎಲ್ಲ ಅಷ್ಟು ಮೇಲೇರುತ್ತವೆ. ಆದ್ದರಿಂದ ಒಲೆಯ ಹತ್ತಿರ ಯಾರೂ "ಆಗಲ್ಲ" ಅನ್ನಬಾರದು. "ಕೆಟ್ಟುಹೋಯ್ತು" ಅನ್ನಬಾರದು. ಮುಚ್ಚಳವನ್ನಂತೂ ನಡುವೆ ತೆಗೆಯಲೇಬಾರದು. ಹಬೆ ಒಮ್ಮೆ ತಪ್ಪಿಸಿಕೊಂಡಿತೋ, ಮುಗಿಯಿತು, ಕಡುಬು ಮುಖ ಗಂಟಿಕ್ಕಿಕೊಂಡುಬಿಡುತ್ತದೆ.

"ಸ್ಕೂಲಲ್ಲಿ ಕಲ್ತಿದ್ದೀಯಲ್ಲ, ಹೊಸವರ್ಷದ ಹಾರೈಕೆಗಳು, ಅವನ್ನ ಹೇಳು. ಕಡುಬಿಗೂ ಕೇಳಿಸ್ಲಿ" ಎಂದಳು ಅಜ್ಜಿ.

ಅವುಗಳಲ್ಲಿ ಯಾನ್‌ಶುವನ್ನು ಮೀರಿಸುವವರು ಐದನೇ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ರಜೆ ಕೊಡುವ ಮುಂಚೆ ಲುವೊ ಮೇಡಂ ಎಲ್ಲರನ್ನೂ ನಿಲ್ಲಿಸಿ ಆಟ ಆಡಿಸಿದ್ದರು. ಒಬ್ಬೊಬ್ಬರು ಒಂದೊಂದು ಹಾರೈಕೆ ಹೇಳಬೇಕು, ಹೇಳಿದ್ದನ್ನೇ ಹೇಳಿದವರು ಕೂತುಬಿಡಬೇಕು. 'ಹೆಜ್ಜೆಹೆಜ್ಜೆಗೂ ಮೇಲಕ್ಕೆ' ಅಂದ ಒಬ್ಬ. 'ಐಶ್ವರ್ಯ ಹೊಳೆಯಾಗಿ ಹರಿಯಲಿ' ಅಂದಳು ಇನ್ನೊಬ್ಬಳು. ಕೊನೆಗೆ ನಿಂತವಳು ಯಾನ್‌ಶು ಒಬ್ಬಳೇ. 'ಹಬೆಯಂತೆ ದಿನದಿನವೂ ಏರಲಿ' ಎಂದು ಅವಳು ಹೇಳಿದಾಗ ಮೇಡಂ ಚಪ್ಪಾಳೆ ತಟ್ಟಿದ್ದರು.

ಒಂದು ಹಾರೈಕೆ ಮಾತ್ರ ಅವಳಿಗೆ ಹಿಡಿಸುತ್ತಿರಲಿಲ್ಲ. ಯಾರಿಗಾದರೂ ಹೊಸ ಕೆಲಸ ಸಿಕ್ಕರೆ ಎಲ್ಲರೂ ಹೇಳುತ್ತಾರೆ, 'ಮಹಾಪಕ್ಷಿಯ ದಾರಿ ಹತ್ತು ಸಾವಿರ ಹರಿದಾರಿ' ಅಂತ. ಅಷ್ಟು ದೂರ ಹಾರಿಹೋದ ಹಕ್ಕಿ ಮನೆಗೆ ಯಾವಾಗ ಬರುತ್ತದೆ ಎಂದು ಅವಳು ಮೇಡಂ ಅವರನ್ನು ಕೇಳಿಯೂ ಕೇಳಿದ್ದಳು. ಮೇಡಂ ನಕ್ಕು, ಕೂತ್ಕೊ ಅಂದಿದ್ದರು.

"ಗಂಟಲು ನೋಯ್ತಿದೆ" ಎಂದಳು ಯಾನ್‌ಶು ಅಜ್ಜಿಗೆ.

ಗಂಟಲಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಹಿಂದಿನ ಸಂಜೆ, ಫೋನಿನಲ್ಲಿ.

ಅಪ್ಪ ಅಮ್ಮ ಇರುವುದು ದೂರದ ಉತ್ತರದ ಷೆನ್‌ಯಾಂಗ್ ನಗರದಲ್ಲಿ. ಇಲ್ಲಿ ಬೆಟ್ಟದ ಮೇಲೆ ಬಿದಿರು ಹಸಿರಾಗಿರುವಾಗ ಅಲ್ಲಿ ನದಿಯೇ ಹೆಪ್ಪುಗಟ್ಟಿರುತ್ತದಂತೆ. ಅವರದು ಅಲ್ಲೊಂದು ನೂಡಲ್ಸ್ ಅಂಗಡಿ. ಮೂರು ವರ್ಷದ ತಮ್ಮ ದೌದೌ ಕೂಡ ಅಲ್ಲೇ ಇದ್ದಾನೆ. ಅವನಿಗಿನ್ನೂ ಸ್ಕೂಲಿಲ್ಲ, ಎಲ್ಲಿದ್ದರೂ ನಡೆಯುತ್ತದೆ. ಯಾನ್‌ಶುಗೆ ಸ್ಕೂಲಿದೆ. ಹಾಗಾಗಿ ಯಾನ್‌ಶು ಅಜ್ಜಿಯ ಹತ್ತಿರ.

"ಈ ಸಲಾನೂ ಬರಕ್ಕಾಗಲ್ಲ ಮಗಾ" ಎಂದಿದ್ದ ಅಪ್ಪ. "ಹಬ್ಬಕ್ಕೆ ನಮ್ಮ ಬೀದೀಲಿ ಎಲ್ಲಾ ಬಾಗಿಲು ಹಾಕ್ಕೊಂಡು ಊರಿಗೆ ಹೋಗ್ತಾರೆ. ಆರ್ಡರೆಲ್ಲ ನಮಗೇ! ನಿನ್ನ ಬಾಯಿ ಹರಕೆ ಕಣೇ. ಹೋದ ವರ್ಷ ಹೇಳಿದ್ಯಲ್ಲ, ಹಬೆ ಥರ ಏರಲಿ ಅಂತ? ಏರ್ತಾನೇ ಇದೆ ನೋಡು."

ಅಪ್ಪ ಖುಷಿಯಿಂದಲೇ ಹೇಳಿದ. ಪರದೆಯಲ್ಲಿ ದೌದೌ ಅಪ್ಪನ ಹೆಗಲ ಮೇಲೆ ಕೂತು ಅವನ ಕಿವಿ ಹಿಡಿದು ಎಳೆಯುತ್ತಿದ್ದ. ಕಾಲ್ ಕಟ್ಟಾದ ಮೇಲೂ ಯಾನ್‌ಶು ಫೋನ್ ಹಿಡಿದುಕೊಂಡೇ ನಿಂತಿದ್ದಳು. ಹಾರೈಸಿದವಳು ತಾನೇ. ಅಂಗಡಿ ಏರಿದ್ದಕ್ಕೇ ಅವರು ಬರುತ್ತಿಲ್ಲ. ಹಾಗಾದರೆ ಅವರನ್ನು ಅಲ್ಲಿ ಕಟ್ಟಿಹಾಕಿದವಳೂ ತಾನೇ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆಮೇಲೆ ಅಳು ಬಂತು.

ರಾತ್ರಿ ಮಲಗಿದಾಗ ಅವಳಿಗೆ ಇನ್ನೊಂದು ವಿಷಯ ನೆನಪಾಗಿತ್ತು. ಅವಳಿಗೆ ಆರು ವರ್ಷವಾಗಿದ್ದಾಗ ಒಂದು ಸಲ ಕಡುಬು ನಕ್ಕಿರಲಿಲ್ಲ. ತಟ್ಟೆಯ ಹಾಗೆ ಚಪ್ಪಟೆಯಾಗಿತ್ತು. ಆ ವರ್ಷವೇ ಅಪ್ಪನ ಫ್ಯಾಕ್ಟರಿ ಮುಚ್ಚಿತು. ಅಪ್ಪ ಹಾಸಿಗೆ ಸುರುಳಿ ಹೊತ್ತುಕೊಂಡು ಮನೆಗೆ ಬಂದವನು ಬೇಸಿಗೆಯವರೆಗೂ ಇಲ್ಲೇ ಇದ್ದ. ದಿನಾ ಅವಳನ್ನು ಹೊಳೆಯ ಆಚೆ ದಡಕ್ಕೆ ಕರೆದುಕೊಂಡು ಹೋಗಿ ಮೀನು ಹಿಡಿಯುತ್ತಿದ್ದ. ಸೊಟ್ಟಪಟ್ಟ ಜಡೆ ಹಾಕುತ್ತಿದ್ದ. ಯಾನ್‌ಶು ಕಂಡ ವರ್ಷಗಳಲ್ಲೆಲ್ಲ ಅಷ್ಟು ಒಳ್ಳೆಯ ವರ್ಷ ಇನ್ನೊಂದಿರಲಿಲ್ಲ.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಕೂತ ಹುಡುಗಿಯ ಬಾಯಲ್ಲಿ ಒಳ್ಳೆಯ ಮಾತು ಬಾ ಅಂದರೆ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಪಕ್ಕದ ಮನೆಯ ತಾಂಗ್ ಅತ್ತೆ ಗೋಡೆಯಾಚೆಯಿಂದ ಕೂಗಿದಳು. ಹಬ್ಬದ ಕೋಳಿ ತಪ್ಪಿಸಿಕೊಂಡು ತರಕಾರಿ ಮಡಿಯೊಳಗೆ ನುಗ್ಗಿದೆ, ಒಂಚೂರು ಬಂದು ಹಿಡಿದುಕೊಡಿ ಅಂತ. ಅಜ್ಜಿ ಗೊಣಗುತ್ತ ಎದ್ದಳು. ಬೆಂಕಿ ನೋಡಿಕೋ, ಮುಚ್ಚಳದ ಹತ್ತಿರ ಕೈ ಹೋದರೆ ಜೋಕೆ ಎಂದು ಹೇಳಿ ಹೊರಗೆ ಹೋದಳು.

ಯಾನ್‌ಶು ಎದ್ದು ಒಲೆಯ ಮುಂದೆ ನಿಂತಳು. ಬಟ್ಟೆ ಹಿಡಿದು ಮುಚ್ಚಳ ಎತ್ತಿಯೇಬಿಟ್ಟಳು. ಹಬೆ ಭಸ್ಸನೆ ಮುಖಕ್ಕೆ ಬಡಿಯಿತು. ಒಳಗೆ ಕಡುಬು ಆಗಷ್ಟೇ ಮೈ ತುಂಬಿಕೊಂಡು ಏಳುತ್ತಿತ್ತು.

"ಉಬ್ಬಬೇಡ" ಎಂದಳು ಯಾನ್‌ಶು. "ನಗಬೇಡ. ಅವರು ಬರ್ಲಿ."

ಹಬೆಯೆಲ್ಲ ಹೋಗುವವರೆಗೆ ಮುಚ್ಚಳ ಹಿಡಿದುಕೊಂಡೇ ನಿಂತು, ಆಮೇಲೆ ಮೊದಲಿದ್ದ ಹಾಗೇ ಮುಚ್ಚಿದಳು.

ಮಧ್ಯಾಹ್ನ ಅಜ್ಜಿ ಬುಟ್ಟಿ ಇಳಿಸಿದಾಗ ಕಡುಬಿನ ನಡು ಕುಸಿದು ಗುಂಡಿ ಬಿದ್ದಿತ್ತು. ಮೇಲೆ ಒಂದು ಬಿರುಕೂ ಇಲ್ಲ. ಅಜ್ಜಿ ಸುಮ್ಮನೆ ನೋಡಿದಳು. ಒಲೆಯ ಹತ್ತಿರ ಕೆಟ್ಟ ಮಾತು ಆಡಬಾರದಲ್ಲ, ಆಡಲಿಲ್ಲ. ಒಂದು ಬಟ್ಟೆ ಮುಚ್ಚಿ, ಮಣೆ ಎಳೆದುಕೊಂಡು ಕೂತಳು.

ತಾಂಗ್ ಅತ್ತೆ ತನ್ನ ಮನೆಯ ಕಡುಬು ಹಿಡಿದುಕೊಂಡು ಬಂದಳು. ಅದು ಬಾಯಿ ಅಗಲಿಸಿ ನಕ್ಕಿತ್ತು. ನಿಮ್ಮದೆಲ್ಲಿ ತೋರಿಸಿ ಎಂದು ಬಟ್ಟೆಯ ಕಡೆ ಕತ್ತು ಚಾಚಿದಳು. ಅಜ್ಜಿ ಅಡ್ಡ ನಿಂತು, ನಮ್ಮದಿನ್ನೂ ಆಗಿಲ್ಲ ಅಂದಳು. ಅಜ್ಜಿ ಸುಳ್ಳು ಹೇಳಿದ್ದನ್ನು ಯಾನ್‌ಶು ಅದೇ ಮೊದಲು ಕೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು. ಎರಡೇಟು ಹಾಕಿದ್ದರೆ ಇನ್ನೂ ಚೆನ್ನಾಗಿತ್ತು.

ತಾಂಗ್ ಅತ್ತೆ ಹೋದ ಮೇಲೆ ಅಜ್ಜಿ ಬಟ್ಟೆ ಸರಿಸಿ, ಮುಚ್ಚಳ ಎತ್ತಿದಾಗ ಕಡುಬಿನ ಮೇಲೆ ಅಲ್ಲಲ್ಲಿ ತೊಟ್ಟಿಕ್ಕಿದ್ದ ನೀರಿನ ಕಲೆಗಳನ್ನು ಬೆರಳಿನಿಂದ ಮುಟ್ಟಿದಳು.

"ಯಾಕೆ ತೆಗ್ದೆ?" ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಯಾನ್‌ಶುಗೆ ಸುಳ್ಳು ಹೇಳಲು ಆಗಲಿಲ್ಲ. "ಇದು ಉಬ್ಬಿದ್ರೆ ಅಪ್ಪನ ಅಂಗಡಿ ಏರುತ್ತೆ. ಏರಿದ್ರೆ ಅವ್ರು ಬರಲ್ಲ. ಆವಾಗೊಂದ್ಸಲ ಉಬ್ಬಲಿಲ್ವಲ್ಲ, ಆವಾಗ ಅಪ್ಪ ಮನೇಲೇ ಇದ್ದ. ಎಷ್ಟು ಚೆನ್ನಾಗಿತ್ತು!" ಎಂದು ಒಂದೇ ಉಸಿರಿಗೆ ಹೇಳಿ ಬಿಕ್ಕತೊಡಗಿದಳು.

ಅಜ್ಜಿ ಸ್ವಲ್ಪ ಹೊತ್ತು ಅಳಲು ಬಿಟ್ಟಳು. ಆಮೇಲೆ, "ಮೀನು ಹಿಡಿಯಕ್ಕೆ ಹೋಗ್ತಿದ್ರಲ್ಲ, ಆಚೆ ದಡಕ್ಕೇ ಯಾಕೆ? ಈಚೆ ದಡದಲ್ಲಿ ಮೀನಿರ್ಲಿಲ್ವಾ?" ಎಂದಳು.

ಯಾನ್‌ಶು ಅದನ್ನು ಯೋಚಿಸಿಯೇ ಇರಲಿಲ್ಲ. ಈಚೆ ದಡದಲ್ಲೇ ಮೀನು ಹೆಚ್ಚು, ಊರಿನವರೆಲ್ಲ ಹಿಡಿಯುವುದು ಅಲ್ಲೇ. ಆಚೆ ದಡದಲ್ಲಿ ಯಾರೂ ಇರುತ್ತಿರಲಿಲ್ಲ. ಅಪರೂಪಕ್ಕೆ ಯಾರಾದರೂ ಬಂದರೆ ಅಪ್ಪ ಟೋಪಿ ಕೆಳಗೆ ಎಳೆದುಕೊಳ್ಳುತ್ತಿದ್ದ. ಬಿಸಿಲಿಗೆ ಅಂದುಕೊಂಡಿದ್ದಳು ಅವಳು. ಈಗ ನೆನೆಸಿಕೊಂಡರೆ, ಮೋಡ ಕವಿದ ದಿನವೂ ಎಳೆದುಕೊಳ್ಳುತ್ತಿದ್ದ.

"ಊರಿನವರು ಕೆಲಸ ಸಿಕ್ತಾ ಅಂತ ಕೇಳ್ತಿದ್ರು. ಅದಕ್ಕೆ" ಎಂದಳು ಅಜ್ಜಿ. "ರಾತ್ರಿಯೆಲ್ಲ ಹೊಸ್ತಿಲ ಮೇಲೆ ಕೂತಿರ್ತಿದ್ದ. ಹಾಕಿದ್ದ ಅನ್ನ ಹಾಗೇ ಇರ್ತಿತ್ತು. ನೀನು ಮಲಗಿರ್ತಿದ್ದೆ."

ಯಾನ್‌ಶು ಮೂಗು ಒರೆಸಿಕೊಂಡಳು.

ಅಜ್ಜಿ ಚಾಕು ತೆಗೆದು ಚಪ್ಪಟೆ ಕಡುಬನ್ನು ಹೋಳು ಮಾಡಲು ಶುರುಮಾಡಿದಳು. ತಲೆ ಎತ್ತದೆಯೇ ಹೇಳಿದಳು, "ಅವನು ನಿಂಗೆ ಅಪ್ಪ ಆದ್ರೆ ನಂಗೆ ಮಗ ಅಲ್ವೇನೆ? ಪ್ರತಿ ವರ್ಷ ಈ ಮುಚ್ಚಳದ ಮುಂದೆ ಕೂತಾಗ ನನ್ನ ಕೈಯೂ ತುರಿಸುತ್ತೆ ಕಣೇ."

ಯಾನ್‌ಶು ಅಜ್ಜಿಯನ್ನೇ ನೋಡಿದಳು. ಈ ಮನೆಯಲ್ಲಿ ಅಪ್ಪ ಅಮ್ಮನಿಗಾಗಿ ಕಾಯುವವಳು ತಾನೊಬ್ಬಳೇ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು.

ಸಂಜೆ ಇಬ್ಬರೂ ಆ ಹೋಳುಗಳನ್ನು ಎಣ್ಣೆಯಲ್ಲಿ ಹುರಿದು ತಿಂದರು. ರಬ್ಬರಿನ ಹಾಗಿದ್ದವು. ಹಲ್ಲು ಬೀಳದಿದ್ದರೆ ಸಾಕು ಎಂದು ಅಜ್ಜಿ ಬೈದುಕೊಂಡೇ ಮೂರು ಹೋಳು ಮುಗಿಸಿದಳು. ಪಾತ್ರೆಯ ತಳದಲ್ಲಿ ಇನ್ನೂ ಸ್ವಲ್ಪ ಹಿಟ್ಟು ಉಳಿದಿತ್ತು. ಅದಕ್ಕೆ ಇನ್ನೊಂದಿಷ್ಟು ಅಕ್ಕಿಹಿಟ್ಟು, ಬೆಲ್ಲ ಕಲಸಿ ಮತ್ತೆ ಕೋಟು ಹೊದಿಸಿ ಮಲಗಿಸಿದರು.

ಮರುದಿನ ಬೆಳಗ್ಗೆ ಅಜ್ಜಿ ಬುಟ್ಟಿಯನ್ನು ಒಲೆಯ ಮೇಲೇರಿಸಿ, ಕೈ ಒರೆಸಿಕೊಂಡು, ತಾನು ಬಾಗಿಲಿಗೆ ಹಬ್ಬದ ಕೆಂಪು ಕಾಗದ ಅಂಟಿಸಬೇಕು, ಒಲೆ ನೀನೇ ನೋಡಿಕೋ ಅಂದಳು. ಜೋಕೆ ಅನ್ನಲಿಲ್ಲ. ಮುಚ್ಚಳದ ಮಾತನ್ನೇ ಎತ್ತಲಿಲ್ಲ.

ಅಡುಗೆಮನೆಯಲ್ಲಿ ಯಾನ್‌ಶು ಒಬ್ಬಳೇ. ಮುಚ್ಚಳದ ಸುತ್ತ ಹಬೆ ಸಣ್ಣಗೆ ಒಸರುತ್ತಿತ್ತು. ಬಟ್ಟೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅಪ್ಪ ಈಗ ಬಂದುಬಿಟ್ಟರೆ ಎಷ್ಟು ಚೆನ್ನ ಎಂದು ಇವತ್ತೂ ಅನಿಸಿತು, ನಿನ್ನೆಯಷ್ಟೇ ಜೋರಾಗಿ ಅನಿಸಿತು. ಆದರೆ ಟೋಪಿ ಎಳೆದುಕೊಂಡು ಕೂತ ಅಪ್ಪ ಕಣ್ಣ ಮುಂದೆಯೇ ಇದ್ದ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆ ಕೂತುಬಿಟ್ಟಳು. ಅಜ್ಜಿ ಒಳಗೆ ಬರುವವರೆಗೂ ಹಾಗೇ ಕೂತಿದ್ದಳು.

ಕಡುಬು ಚಿಕ್ಕದೇ. ಆದರೆ ನೆತ್ತಿ ಬಿರಿದು, ಬಾಯಿ ತೆರೆದು ನಕ್ಕಿತ್ತು.

ಸಂಜೆ ವರ್ಷದ ಕೊನೆಯ ಊಟ. ಮೇಜಿನ ಮೇಲೆ ಕೋಳಿ ಇತ್ತು, ಮೀನಿತ್ತು, ನಡುವೆ ಕಡುಬಿತ್ತು. ದೂರದಲ್ಲಿರುವವರಿಗೂ ಅಜ್ಜಿ ಬಟ್ಟಲು, ಊಟದ ಕಡ್ಡಿ ಇಟ್ಟಳು. ಮೇಜು ತುಂಬಿದ ಹಾಗೆ ಕಂಡಿತು. ಕೂತವರು ಇಬ್ಬರೇ. ಹೊರಗೆ ಎಲ್ಲರ ಮನೆಯ ಮುಂದೆಯೂ ಪಟಾಕಿ ಸಿಡಿಯುತ್ತಿತ್ತು.

ವಿಡಿಯೊ ಕಾಲ್ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆರ್ಡರ್ ಒಯ್ಯುವವರು ಬಾಗಿಲಲ್ಲೇ ಸಾಲುಗಟ್ಟಿದ್ದರು. ಅಮ್ಮ ಹಿಟ್ಟು ಮೆತ್ತಿದ ಕೈ ಎತ್ತಿ ಆಡಿಸಿದಳು. ದೌದೌ ಹಿಟ್ಟಿನ ಮೂಟೆಯ ಮೇಲೆ ನಿದ್ದೆ ಹೋಗಿದ್ದ. ಅಜ್ಜಿ ಕಡುಬನ್ನು ಎತ್ತಿ ಫೋನಿಗೆ ಹಿಡಿದಳು.

"ಅಬ್ಬಾ, ಹೆಂಗೆ ನಕ್ಕಿದೆ ನೋಡು!" ಎಂದು ಅಪ್ಪ ಅಮ್ಮನನ್ನು ಕರೆದ. ಅವನ ತಲೆಯ ಮೇಲೆ ಅಡುಗೆಯವರ ಬಿಳಿ ಟೋಪಿ ಇತ್ತು. ಅದು ಹಿಂದಕ್ಕೆ ಜಾರಿ, ಹಣೆಯೆಲ್ಲ ಕಾಣುತ್ತಿತ್ತು. "ಯಾನ್‌ಶು, ನಿನ್ನ ಹಾರೈಕೆ ಎಲ್ಲಿ? ಬೇಗ ಹೇಳು ಮಗಾ, ನೀರು ಕುದೀತಿದೆ."

ಯಾನ್‌ಶು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. ಇದನ್ನು ಹೇಳಿದರೆ ಮುಂದಿನ ವರ್ಷವೂ ಬಟ್ಟಲುಗಳು ಹೀಗೇ ಖಾಲಿ ಇರಬಹುದು ಎಂದು ಅವಳಿಗೆ ಗೊತ್ತಿತ್ತು.

"ಹಬೆಯಂತೆ ದಿನದಿನವೂ ಏರಲಿ" ಎಂದಳು.

ಆ ಕಡೆ ಯಾರೋ ಆರ್ಡರ್ ನಂಬರ್ ಕೂಗುತ್ತಿದ್ದರು, ಪಾತ್ರೆಗಳು ಸದ್ದು ಮಾಡುತ್ತಿದ್ದವು. ಅಪ್ಪ ಫೋನಿಗೆ ಕಿವಿ ಹಚ್ಚಿ, ಏನು, ಏನಂದೆ, ಕೇಳಿಸ್ಲಿಲ್ಲ ಅಂದ.

ಹೇಳದೆ ಬಿಟ್ಟುಬಿಡಬಹುದಿತ್ತು. ಯಾನ್‌ಶು ಕುರ್ಚಿಯಿಂದ ಎದ್ದು ನಿಂತು, ಉಸಿರು ತುಂಬಿಕೊಂಡು, ಮತ್ತೆ ಹೇಳಿದಳು. ಈ ಸಲ ಅಪ್ಪನಿಗೆ ಕೇಳಿಸುವಷ್ಟು ಜೋರಾಗಿ.